ಕತ್ತಲೆಗೆ ನಕ್ಷೆ ಬರೆದ ಸ್ಟೀಫನ್ ಬಿಷಪ್

ನಮ್ಮ ಕಾಸರಗೋಡಿನ ಗುಡ್ಡಗಾಡಿನ ಮಕ್ಕಳಿಗೆ ಸುರಂಗವೆಂದರೆ ಹೊಸ ಮಾತಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಳಗಿನ ಒರತೆಯ ನೀರನ್ನು ಮನೆಗೂ ಅಡಿಕೆ ತೋಟಕ್ಕೂ ಹರಿಸಿಕೊಳ್ಳುವ ವಿದ್ಯೆ ನಮ್ಮ ಹಿರಿಯರಿಗೆ ಕರಗತವಾಗಿತ್ತು. ಸುರಂಗದೊಳಗೆ ಹತ್ತಿಪ್ಪತ್ತು ಮಾರು ನಡೆದು ಹಿಂತಿರುಗಿ ನೋಡಿದರೆ ಅದರ ಬಾಯಿಯ ಬೆಳಕು ನಾಣ್ಯದಷ್ಟು ಚಿಕ್ಕದಾಗಿ ಕಾಣುತ್ತದೆ. ಇನ್ನೂ ಮುಂದೆ ಹೋದರೆ ಕೈಯ ದೀಪವೊಂದೇ ಗತಿ. ಆದರೂ ಸುರಂಗದಲ್ಲಿ ದಾರಿ ತಪ್ಪುವ ಭಯ ಹೆಚ್ಚಿಲ್ಲ. ಒಳಗೆ ಹೋದವನು ಹಿಂದಕ್ಕೆ ತಿರುಗಿದರೆ ಹೊರಗೆ ಬರುತ್ತಾನೆ. ನೂರಾರು ಕವಲುಗಳಿರುವ, ಕವಲಿಗೊಂದು ಕವಲು ಒಡೆಯುವ, ಮೇಲೊಂದು ಕೆಳಗೊಂದು ಅಂತಸ್ತುಗಳಿರುವ ಕತ್ತಲೆಯೊಳಗೆ ಹೊಕ್ಕರೆ ಏನಾದೀತು? ಅಂತಹ ಕತ್ತಲೆಯನ್ನೇ ತನ್ನ ಶಾಲೆಯನ್ನಾಗಿ ಮಾಡಿಕೊಂಡ ಒಬ್ಬ ಮಹನೀಯರ ಕಥೆಯನ್ನು ಈ ವರ್ಷದ ಸಂಚಿಕೆಯಲ್ಲಿ ಹೇಳಬೇಕೆಂದಿದ್ದೇವೆ.

ಆ ಕಥೆ ನಮ್ಮ ಕೈಗೆ ಸಿಕ್ಕಿದ ಬಗೆಯನ್ನು ಮೊದಲು ಹೇಳುವುದು ಒಳ್ಳೆಯದು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ವರ್ಷ ಒಂದು ಹಳೆಯ ಗಣಕಯಂತ್ರವನ್ನು ಶಾಲೆಗೆ ಕೊಟ್ಟರು. ಬ್ರಿಟನ್ನಿನ ಏಕಾರ್ನ್ ಕಂಪೆನಿಯವರು 1981ರಲ್ಲಿ ಹೊರತಂದ ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರವದು. ಮಕ್ಕಳಿಗೆ ಗಣಕಯಂತ್ರದ ಪರಿಚಯ ಮಾಡಿಸಲು ಭಾರತ ಸರಕಾರವು 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿದಾಗ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಈ ಬಗೆಯ ಯಂತ್ರವೇ. ಅದರ ಸ್ಮರಣಶಕ್ತಿ ಕೇವಲ 32 ಕಿಲೋಬೈಟ್. ಇಂದು ಒಂದು ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಭಾವಚಿತ್ರವೂ ಅದರೊಳಗೆ ಹಿಡಿಸಲಾರದು. ವಿಜ್ಞಾನದ ಅಧ್ಯಾಪಕರು ಅದರ ವಿದ್ಯುತ್ ಪೆಟ್ಟಿಗೆಯನ್ನು ಬಿಚ್ಚಿ, ಮುಪ್ಪಾಗಿದ್ದ ಕೆಪಾಸಿಟರುಗಳನ್ನು ಬದಲಾಯಿಸಿದರು. ಹಳೆಯ ಟಿ.ವಿ.ಯೊಂದು ಪರದೆಯಾಯಿತು. ಒಂದು ಕ್ಯಾಸೆಟ್ ಟೇಪ್‌ರೆಕಾರ್ಡರನ್ನು ತಂತಿಯಿಂದ ಜೋಡಿಸಿದ್ದಾಯಿತು.

ಯಂತ್ರದೊಂದಿಗೆ ಬಂದ ಕ್ಯಾಸೆಟ್ಟುಗಳಲ್ಲಿ ಒಂದರ ಮೇಲೆ ಕೊಲೊಸಲ್ ಅಡ್ವೆಂಚರ್ ಎಂದು ಬರೆದಿತ್ತು. ಬ್ರಿಟನ್ನಿನ ಲೆವೆಲ್ 9 ಎಂಬ ಸಣ್ಣ ಸಂಸ್ಥೆ 1980ರ ದಶಕದ ಆರಂಭದಲ್ಲಿ ಮನೆಬಳಕೆಯ ಗಣಕಯಂತ್ರಗಳಿಗಾಗಿ ಸಿದ್ಧಪಡಿಸಿದ ಆಟ. ಕ್ಯಾಸೆಟ್ಟಿನಲ್ಲಿ ಹಾಡಿನಂತೆ ಮುದ್ರಿತವಾಗಿರುವುದು ಆಟದ ಲಿಪಿ; ಕಿವಿಗೆ ಅದು ಮಳೆಗಾಲದ ಜೀರುಂಡೆಯ ಕೂಗಿನಂತೆ ಕೇಳಿಸುತ್ತದೆ. ಯಂತ್ರವು ಆ ಕೂಗನ್ನು ಕೇಳುತ್ತ ತುಣುಕು ತುಣುಕಾಗಿ ನೆನಪಿಗೆ ತುಂಬಿಕೊಳ್ಳುತ್ತದೆ. ತುಣುಕಿನ ಸಂಖ್ಯೆ ಪರದೆಯ ಮೇಲೆ ಒಂದೊಂದಾಗಿ ಏರುತ್ತದೆ. ನಡುವೆ ಒಂದು ತುಣುಕು ಸರಿಯಾಗಿ ಕೇಳಿಸದಿದ್ದರೆ ಟೇಪನ್ನು ಹಿಂದಕ್ಕೆ ಸುತ್ತಬೇಕೆಂದು ಯಂತ್ರವೇ ತಿಳಿಸುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಟೇಪು ಹಲವು ಸಲ ಕೈಕೊಟ್ಟಿತು. ಧ್ವನಿಯ ಗುಂಡಿಯನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ಟೇಪಿನ ತಲೆಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ಏಳನೆಯ ಸಲ ಅದು ಪೂರ್ತಿಯಾಗಿ ತುಂಬಿಕೊಂಡಾಗ ಹತ್ತನೆಯ ತರಗತಿಯವರು ಚಪ್ಪಾಳೆ ತಟ್ಟಿದರು.

ಪರದೆಯ ಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ, ಅಕ್ಷರಗಳು ಮಾತ್ರ. ನೀವು ಒಂದು ರಸ್ತೆಯ ಕೊನೆಯಲ್ಲಿ ನಿಂತಿದ್ದೀರಿ, ಮುಂದೆ ಇಟ್ಟಿಗೆಯ ಚಿಕ್ಕ ಕಟ್ಟಡವಿದೆ, ಪಕ್ಕದಲ್ಲಿ ತೊರೆ ಹರಿಯುತ್ತಿದೆ ಎಂಬ ಅರ್ಥದ ವರ್ಣನೆ ಬರುತ್ತದೆ. ಏನು ಮಾಡಬೇಕೆಂದು ಒಂದೆರಡು ಇಂಗ್ಲಿಷ್ ಪದಗಳಲ್ಲಿ ನೀವು ಹೇಳಬೇಕು. ದೀಪ ತೆಗೆದುಕೋ ಎಂದು ಒಬ್ಬ, ಒಳಗೆ ಹೋಗು ಎಂದು ಇನ್ನೊಬ್ಬಳು, ಹೀಗೆ ಮಕ್ಕಳೆಲ್ಲ ಕನ್ನಡದಲ್ಲಿ ಕೂಗುವುದು. ಕೀಲಿಮಣೆಯ ಮುಂದೆ ಕುಳಿತವನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಬೆರಳಚ್ಚಿಸುವುದು. ಅಂದು ನಡೆದ ಭಾಷಾಂತರದ ಅಭ್ಯಾಸ ನಮ್ಮ ವ್ಯಾಕರಣದ ತರಗತಿಯಲ್ಲಿ ಎಂದೂ ನಡೆದಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ತೊರೆಯ ಗುಂಟ ಹೋದರೆ ಒಂದು ಕಬ್ಬಿಣದ ಜಾಲರಿ ಬಾಗಿಲು. ಅದನ್ನು ತೆರೆದರೆ ಗುಹೆ. ಒಳಗೆ ನಿಧಿಗಳಿವೆ, ಹಾವಿದೆ, ಕೊಡಲಿ ಎಸೆಯುವ ಕುಳ್ಳರಿದ್ದಾರೆ. ದೀಪಕ್ಕೂ ಆಯುಷ್ಯವುಂಟು, ಅಷ್ಟು ಹೆಜ್ಜೆಗಳಾದ ಮೇಲೆ ಅದು ಆರಿಹೋಗುತ್ತದೆ. ಕತ್ತಲೆಯಲ್ಲಿ ಮುಂದೆ ನಡೆದವನು ಗುಂಡಿಗೆ ಬೀಳುವುದು ಬಹುಮಟ್ಟಿಗೆ ಖಂಡಿತ.

ಎಲ್ಲಕ್ಕಿಂತ ಕಠಿಣವಾದದ್ದು ಒಂದೇ ತರಹದ ಕೋಣೆಗಳ ಚಕ್ರವ್ಯೂಹ. ಅಲ್ಲಿ ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ಬಂದರೆ ಹೊರಟಲ್ಲಿಗೇ ಬರುತ್ತೇವೆಂಬ ಭರವಸೆಯಿಲ್ಲ. ನಮ್ಮ ಮಕ್ಕಳು ಎರಡು ದಿನ ಅಲ್ಲೇ ಸುತ್ತಿದರು. ಮೂರನೆಯ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಉಪಾಯ ಹೇಳಿದಳು: ಕೈಯಲ್ಲಿರುವ ವಸ್ತುಗಳನ್ನು ಕೋಣೆಗೊಂದರಂತೆ ಇಟ್ಟುಹೋದರೆ, ಮತ್ತೆ ಬಂದಾಗ ಆ ಕೋಣೆಯ ಗುರುತು ಸಿಗುತ್ತದೆ. ಒಂದು ಕೋಣೆಯಲ್ಲಿ ಬಾಟಲಿ, ಇನ್ನೊಂದರಲ್ಲಿ ಬೀಗದ ಕೈ, ಮತ್ತೊಂದರಲ್ಲಿ ಬುತ್ತಿ. ಅಲ್ಲಿಂದ ಒಂದು ದೊಡ್ಡ ಕಾಗದದ ಮೇಲೆ ನಕ್ಷೆ ಬೆಳೆಯತೊಡಗಿತು. ಅದು ಮುಗಿದ ಸಂಜೆ ಅವಳೇ ನಮ್ಮನ್ನು ಕೇಳಿದಳು: ಈ ಗುಹೆ ನಿಜವಾಗಿಯೂ ಎಲ್ಲಾದರೂ ಇದೆಯೇ? ಇದ್ದರೆ, ಅದರ ನಕ್ಷೆಯನ್ನು ಮೊದಲು ಬರೆದವರು ಯಾರು?

ಗುಹೆ ಇದೆ. ಅಮೆರಿಕದ ಕೆಂಟಕಿ ರಾಜ್ಯದಲ್ಲಿರುವ ಮ್ಯಾಮತ್ ಗುಹೆಯ ಸಮೂಹಕ್ಕೆ ಸೇರಿದ ಬೆಡ್‌ಕ್ವಿಲ್ಟ್ ಎಂಬ ಭಾಗವನ್ನು ಮಾದರಿಯಾಗಿ ಇಟ್ಟುಕೊಂಡು ಈ ಆಟವನ್ನು ಮೊದಲು ರಚಿಸಿದರು. ಇದುವರೆಗೆ ಅಳೆದಿರುವ ಆ ಸಮೂಹದ ದಾರಿಗಳ ಉದ್ದ 420 ಮೈಲಿಗೂ ಹೆಚ್ಚು. ಕಾಸರಗೋಡಿನಿಂದ ತಿರುವನಂತಪುರಕ್ಕಿರುವ ದಾರಿಗಿಂತಲೂ ಅದು ಉದ್ದ. ಜಗತ್ತಿನಲ್ಲಿ ಗೊತ್ತಿರುವ ಗುಹೆಗಳಲ್ಲಿ ಅದೇ ಅತಿ ದೊಡ್ಡದು. ಆ ಮಹಾ ಗುಹೆಯ ಒಳದಾರಿಗಳನ್ನು ಜಗತ್ತಿಗೆ ತೋರಿಸಿಕೊಟ್ಟು, ಹೆಸರುವಾಸಿಯಾದ ನಕ್ಷೆಯನ್ನು ಬರೆದವರು ಸ್ಟೀಫನ್ ಬಿಷಪ್. ಅವರು ಒಬ್ಬ ಗುಲಾಮರಾಗಿದ್ದರು.

ಇಲ್ಲಿ ಒಂದು ಮಾತು. ಅವರು ಬದುಕಿದ್ದ ಕಾಲದಲ್ಲಿ ಕರಿಯ ಗುಲಾಮರನ್ನು ಗೌರವದ ಮಾತಿನಿಂದ ಕರೆಯುವ ಪದ್ಧತಿ ಬಿಳಿಯರಲ್ಲಿ ಇರಲಿಲ್ಲ. ದೊಡ್ಡ ದೊಡ್ಡ ವಿದ್ವಾಂಸರೂ ಅವರನ್ನು ಸ್ಟೀಫನ್ ಎಂದಷ್ಟೇ ಕರೆದರು. ನಮ್ಮ ಕನ್ನಡದಲ್ಲಿ ಬಹುವಚನವೆಂಬ ಸೌಕರ್ಯವಿದೆ. ಅದನ್ನು ಅವರಿಗೆ ಸಲ್ಲಿಸಿಯೇ ಈ ಚರಿತ್ರೆಯನ್ನು ಬರೆಯುತ್ತೇವೆ.

ಸ್ಟೀಫನ್ ಹುಟ್ಟಿದ್ದು ಸುಮಾರು 1821ರಲ್ಲಿ. ಆ ಕಾಲದ ಕೆಂಟಕಿಯಲ್ಲಿ ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಗು ಹುಟ್ಟುತ್ತಲೇ ಗುಲಾಮ. ದನಕರು, ಹೊಲ, ಮನೆಗಳಂತೆ ಮನುಷ್ಯರನ್ನೂ ಕೊಳ್ಳಬಹುದಿತ್ತು, ಮಾರಬಹುದಿತ್ತು, ಸಾಲಕ್ಕೆ ಜಪ್ತಿ ಮಾಡಬಹುದಿತ್ತು, ಬಾಡಿಗೆಗೂ ಕೊಡಬಹುದಿತ್ತು. ಅವರಿಗೆ ಶಾಲೆಯೆಂಬುದಿಲ್ಲ. ದುಡಿದದ್ದಕ್ಕೆ ಕೂಲಿ ಕೇಳುವ ಹಕ್ಕಿಲ್ಲ. ಕಟ್ಟಿಕೊಂಡ ಹೆಂಡತಿಯೂ ಹೆತ್ತ ಮಕ್ಕಳೂ ತಮ್ಮೊಂದಿಗೇ ಇರುವರೆಂಬ ನೆಚ್ಚಿಕೆಯಿಲ್ಲ.

ಮ್ಯಾಮತ್ ಗುಹೆಯೊಳಗೆ ಮೊದಲು ಕಾಲಿಟ್ಟವರು ಸ್ಟೀಫನ್ ಅಲ್ಲ. ಸಾವಿರಾರು ವರ್ಷಗಳ ಹಿಂದೆಯೇ ಅಲ್ಲಿನ ಮೂಲನಿವಾಸಿಗಳು ಜೊಂಡಿನ ಪಂಜುಗಳನ್ನು ಹಿಡಿದು ಮೈಲಿಗಟ್ಟಲೆ ನಡೆದಿದ್ದರು. ಆ ಪಂಜುಗಳ ಸುಟ್ಟ ತುದಿಗಳು ಅಲ್ಲಿ ಸಿಕ್ಕಿವೆ. 1812ರಲ್ಲಿ ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧ ನಡೆದಾಗ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪನ್ನು ಆ ಗುಹೆಯ ಮಣ್ಣಿನಿಂದ ತೆಗೆದರು. ಆ ಕೆಲಸಕ್ಕೆ ಬೆವರು ಸುರಿಸಿದವರೂ ಗುಲಾಮರೇ. ಯುದ್ಧ ಮುಗಿದು ಪೆಟ್ಲುಪ್ಪಿನ ಬೆಲೆ ಇಳಿಯಿತು. ಗುಹೆ ನೋಡಲು ಬರುವ ಪ್ರವಾಸಿಗರಿಂದಲೇ ಮಾಲಿಕರು ಹಣ ಮಾಡಬೇಕಾಯಿತು. ಆಗ ಗೊತ್ತಿದ್ದ ದಾರಿಗಳು ಸುಮಾರು ಎಂಟು ಮೈಲಿ ಮಾತ್ರ.

1838ರಲ್ಲಿ ಫ್ರಾಂಕ್ಲಿನ್ ಗೊರಿನ್ ಎಂಬ ವಕೀಲನು 5,000 ಡಾಲರಿಗೆ ಗುಹೆಯನ್ನು ಕೊಂಡನು. ತನ್ನ ಅಧೀನದಲ್ಲಿದ್ದ ಹದಿನೇಳು ವರ್ಷದ ಸ್ಟೀಫನ್ನರನ್ನು ಅಲ್ಲಿಗೆ ಕರೆತಂದು, ಪ್ರವಾಸಿಗರಿಗೆ ದಾರಿ ತೋರಿಸುವ ಕೆಲಸಕ್ಕೆ ಹಾಕಿದನು. ಮ್ಯಾಟ್ ಬ್ರಾನ್ಸ್‌ಫರ್ಡ್ ಮತ್ತು ನಿಕ್ ಬ್ರಾನ್ಸ್‌ಫರ್ಡ್ ಎಂಬ ಇನ್ನಿಬ್ಬರು ಗುಲಾಮರೂ ಅದೇ ಕೆಲಸಕ್ಕೆ ಬಂದರು. ಅವರನ್ನು ಬೇರೊಬ್ಬ ಮಾಲಿಕನಿಂದ ಬಾಡಿಗೆಗೆ ತಂದದ್ದು. ಸ್ಟೀಫನ್ ಮೊದಲು ಹಳೆಯ ದಾರಿಗಳನ್ನು ಹಿಂದಿನ ಮಾರ್ಗದರ್ಶಿಗಳಿಂದ ಕಲಿತರು. ಕೆಲಸ ಅಷ್ಟಕ್ಕೇ ಮುಗಿಯಬಹುದಿತ್ತು. ಅದಕ್ಕಿಂತ ಹೆಚ್ಚನ್ನು ಅವರಿಂದ ಯಾರೂ ಬಯಸಿರಲಿಲ್ಲ. ಆದರೆ ಪ್ರವಾಸಿಗರಿಲ್ಲದ ಹೊತ್ತಿನಲ್ಲಿ ಆ ಹುಡುಗ ದೀಪ ಹಿಡಿದು ಹೊಸ ಕವಲುಗಳಲ್ಲಿ ತೆವಳತೊಡಗಿದರು.

ಹಳೆಯ ದಾರಿಯ ಒಂದು ಕಡೆ ತಳವಿಲ್ಲದ ಗುಂಡಿ ಎಂದು ಹೆಸರಾದ ಒಂದು ಕಂದರವಿತ್ತು. ಅದರ ಆಳ ನೂರು ಅಡಿಯಷ್ಟು. ಅಲ್ಲಿಗೆ ಬಂದವರೆಲ್ಲ ಕಲ್ಲೊಂದನ್ನು ಎಸೆದು, ಸದ್ದು ಕೇಳಿ, ಹಿಂದಿರುಗುತ್ತಿದ್ದರು. 1838ರಲ್ಲಿಯೇ, ಒಬ್ಬ ಉತ್ಸಾಹಿ ಪ್ರವಾಸಿಗನ ಜೊತೆಯಲ್ಲಿ, ಸ್ಟೀಫನ್ ಆ ಕಂದರದ ಮೇಲೆ ಏಣಿಯೊಂದನ್ನು ಅಡ್ಡ ಹಾಕಿ ಆಚೆಯ ದಡಕ್ಕೆ ದಾಟಿದರು. ಕೈಯ ದೀಪದ ಬೆಳಕು ಕೆಲವು ಅಡಿಗಳಾಚೆಗೆ ಹೋಗದು. ಕೆಳಗೆ ಕಪ್ಪು ಬಿಟ್ಟರೆ ಬೇರೇನೂ ಕಾಣದು. ಏಣಿ ಜಾರಿದರೆ ಕಥೆ ಮುಗಿಯಿತು. ಆಟದಲ್ಲಾದರೆ ಬಿದ್ದವನನ್ನು ಯಂತ್ರವು ಮತ್ತೆ ಬದುಕಿಸಿ ಕೊಡುತ್ತದೆ. ಸ್ಟೀಫನ್ನರಿಗೆ ಅಂತಹ ಎರಡನೆಯ ಸರದಿ ಇರಲಿಲ್ಲ.

ಆ ಏಣಿಯ ಆಚೆ ಗುಹೆಯ ದೊಡ್ಡ ಭಾಗವೊಂದು ತೆರೆದುಕೊಂಡಿತು. ಮೈಯನ್ನು ಹಿಂಡಿ ನುಸುಳಬೇಕಾದ ಒಂದು ಇಕ್ಕಟ್ಟಿನ ಓಣಿಗೆ ದಪ್ಪ ಮನುಷ್ಯನ ಸಂಕಟ ಎಂಬ ಅರ್ಥದ ಹೆಸರು ಬಂತು. ಅದನ್ನೂ ದಾಟಿ ಕೆಳಗಿಳಿದರೆ ಭೂಮಿಯ ಹೊಟ್ಟೆಯೊಳಗೆ ನದಿಗಳು! ಗ್ರೀಕರ ಪುರಾಣದಲ್ಲಿ ಸತ್ತವರು ದಾಟುವ ನದಿಗೆ ಸ್ಟಿಕ್ಸ್ ಎಂದು ಹೆಸರು. ನಮ್ಮ ವೈತರಣಿಯಂತೆ ಎನ್ನಿ. ಆ ಹೆಸರೇ ಒಂದು ನದಿಗೆ ಸಂದಿತು. ಇನ್ನೊಂದರ ಮೇಲೆ ದೋಣಿಯಲ್ಲಿ ಕುಳಿತು ಮಾತನಾಡಿದರೆ ಕಲ್ಲಿನ ಮಾಳಿಗೆಯಿಂದ ಧ್ವನಿ ಮರಳಿ ಮರಳಿ ಬರುತ್ತಿದ್ದುದರಿಂದ ಅದಕ್ಕೆ ಎಕೋ ನದಿ, ಎಂದರೆ ಮಾರ್ದನಿಯ ನದಿ, ಎಂದು ಹೆಸರಾಯಿತು. ಆ ನೀರಿನಲ್ಲಿ ಕಣ್ಣಿಲ್ಲದ ಬಿಳಿಯ ಮೀನುಗಳಿದ್ದವು. ತಲೆಮಾರುಗಳ ಕತ್ತಲೆಯಲ್ಲಿ ಬದುಕಿದ ಜೀವಿಗೆ ಕಣ್ಣಿನ ಉಪಯೋಗವೇ ಇಲ್ಲ. ಸ್ಟೀಫನ್ ಕಂಡ ಆ ಮೀನುಗಳು ಮುಂದೆ ಪ್ರಾಣಿಶಾಸ್ತ್ರಜ್ಞರ ಚರ್ಚೆಯ ವಸ್ತುವಾದವು.

ಈ ಶೋಧಗಳಿಂದ ಲಾಭವಾದದ್ದು ಯಾರಿಗೆ ಎಂಬುದನ್ನು ನೋಡಿರಿ. 5,000 ಡಾಲರಿಗೆ ಕೊಂಡ ಗುಹೆಯನ್ನು ಗೊರಿನ್ ಮರುವರ್ಷವೇ, 1839ರಲ್ಲಿ, 10,000 ಡಾಲರಿಗೆ ಮಾರಿದನು. ಕೊಂಡವನು ಲೂಯಿವಿಲ್ ನಗರದ ಡಾಕ್ಟರ್ ಜಾನ್ ಕ್ರೋಘನ್. ಗುಹೆಯೊಂದಿಗೆ ಸ್ಟೀಫನ್ನರೂ ಮಾರಾಟವಾದರು. ಗುಹೆಯ ಬೆಲೆಯನ್ನು ಏರಿಸಿದವರೇ ಆ ಗುಹೆಯ ಸರಕಿನ ಪಟ್ಟಿಯಲ್ಲಿ ಒಂದು ಸರಕಾಗಿ ಹೊಸ ಮಾಲಿಕನ ಕೈಗೆ ಹೋದರು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಗುಲಾಮಗಿರಿಯ ವಿಷಯದಲ್ಲಿ ಹತ್ತು ಪುಟದ ಪಾಠ ಓದುವ ಅವಶ್ಯಕತೆಯಿಲ್ಲ.

ಕ್ರೋಘನ್ ಅಲ್ಲಿ ರಸ್ತೆಯನ್ನೂ ಹೋಟೆಲನ್ನೂ ಉತ್ತಮಪಡಿಸಿದನು. ದೂರದ ಊರುಗಳಿಂದ ಪ್ರವಾಸಿಗರು ಕುದುರೆಗಾಡಿಯಲ್ಲಿ ಬಂದರು. ದಾರಿ ತೋರಿಸುವುದೆಂದರೆ ಇಂದಿನಂತೆ ಒಂದು ಗಂಟೆಯ ಕೆಲಸವಲ್ಲ. ಕೊಬ್ಬಿನೆಣ್ಣೆಯ ದೀಪ, ಮತ್ತೆ ತುಂಬಿಸಲು ಎಣ್ಣೆಯ ಡಬ್ಬಿ, ಊಟದ ಬುಟ್ಟಿ, ಎಲ್ಲವನ್ನೂ ಹೊತ್ತು, ಹತ್ತು ಹದಿನಾಲ್ಕು ಗಂಟೆ ನಡೆಯಬೇಕು. ಪ್ರವಾಸಿಗರ ಪ್ರಾಣ ಮಾರ್ಗದರ್ಶಿಯ ಕೈಯಲ್ಲಿ. ಎಣ್ಣೆ ಎಷ್ಟು ಉಳಿದಿದೆ, ನದಿಯ ನೀರು ಏರುತ್ತಿದೆಯೇ, ಯಾರಿಗೆ ದಣಿವಾಗಿದೆ, ಇವೆಲ್ಲವನ್ನೂ ಅವರು ಲೆಕ್ಕವಿಡಬೇಕು. ಹೊರಗೆ ಸ್ಟೀಫನ್ನರಿಗೆ ಅಪ್ಪಣೆ ಕೊಡುತ್ತಿದ್ದ ಜನರೇ ಗುಹೆಯೊಳಗೆ ಅವರ ಅಪ್ಪಣೆಯಂತೆ ಬಗ್ಗುತ್ತಿದ್ದರು, ತೆವಳುತ್ತಿದ್ದರು, ಸುಮ್ಮನಿರುತ್ತಿದ್ದರು. ಸಂಜೆ ಗುಹೆಯ ಬಾಯಿಗೆ ಬಂದೊಡನೆ ಮತ್ತೆ ಮೊದಲಿನಂತೆಯೇ.

ಅಕ್ಷರಗಳನ್ನು ಅವರು ಕಲಿತದ್ದೂ ಗುಹೆಯಲ್ಲೇ ಎನ್ನುತ್ತಾರೆ. ಆಗಿನ ಪ್ರವಾಸಿಗರು ದೀಪದ ಹೊಗೆಯಿಂದ ತಮ್ಮ ಹೆಸರುಗಳನ್ನು ಗುಹೆಯ ಮಾಳಿಗೆಯ ಮೇಲೆ ಬರೆಸಿಕೊಳ್ಳುತ್ತಿದ್ದರು. ಆ ಹೆಸರುಗಳನ್ನು ನೋಡಿ, ಕೇಳಿ, ಕೂಡಿಸಿ ಸ್ಟೀಫನ್ ಓದುವುದನ್ನು ರೂಢಿಸಿಕೊಂಡರು. ಭೂವಿಜ್ಞಾನಿಗಳು ಬಂದಾಗ ಕಲ್ಲುಗಳ ಹೆಸರನ್ನು ಕಲಿತರು. ವಿದ್ವಾಂಸರು ಬಂದಾಗ ಲ್ಯಾಟಿನ್, ಗ್ರೀಕ್ ಭಾಷೆಗಳ ಮಾತುಗಳನ್ನು ಹಿಡಿದುಕೊಂಡರು. ಅವರ ಜಾಣ್ಮೆ, ವಿನೋದ, ವಿನಯಗಳನ್ನು ಅನೇಕ ಪ್ರವಾಸಿಗರು ತಮ್ಮ ಪುಸ್ತಕಗಳಲ್ಲಿ ಹೊಗಳಿದ್ದಾರೆ. ಹೀಗೆ ಒಬ್ಬ ಗುಲಾಮರ ಹೆಸರು ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ಮನೆಮಾತಾಯಿತು. ಗುಹೆ ನೋಡಲು ಬಂದವರು ಸ್ಟೀಫನ್ನರೇ ದಾರಿ ತೋರಿಸಬೇಕೆಂದು ಕೇಳುತ್ತಿದ್ದರು.

1842ರಲ್ಲಿ ಕ್ರೋಘನ್ ಅವರನ್ನು ಲೂಯಿವಿಲ್ ಬಳಿ ಇದ್ದ ಲೋಕಸ್ಟ್ ಗ್ರೋವ್ ಎಂಬ ತನ್ನ ಮನೆತನದ ಬಂಗಲೆಗೆ ಕರೆಸಿಕೊಂಡನು. ಗುಹೆಯ ನಕ್ಷೆಯನ್ನು ಸಿದ್ಧಪಡಿಸಬೇಕೆಂಬುದು ಆತನ ಬೇಡಿಕೆ. ಗುಹೆ ಅಲ್ಲಿಂದ ಬಹಳ ದೂರ. ಎರಡು ವಾರಗಳ ಕಾಲ ಸ್ಟೀಫನ್ ಮೇಜಿನ ಮುಂದೆ ಕುಳಿತು, ನೆನಪಿನಿಂದಲೇ, ದಾರಿ ದಾರಿಯನ್ನೂ ಗೆರೆಯಾಗಿ ಎಳೆದರು. ಎಲ್ಲಿ ಓಣಿ ಎಡಕ್ಕೆ ಹೊರಳುತ್ತದೆ, ಎಲ್ಲಿ ಒಂದರ ಮೇಲೊಂದು ಹಾದುಹೋಗುತ್ತದೆ, ಎಲ್ಲಿ ಗುಮ್ಮಟ, ಎಲ್ಲಿ ಗುಂಡಿ, ಎಲ್ಲಿ ನೀರು, ಎಲ್ಲವೂ ಆ ಕಾಗದದ ಮೇಲೆ ಮೂಡಿದವು. ಅಂದು ಗೊತ್ತಿದ್ದ ದಾರಿಗಳಲ್ಲಿ ಅರ್ಧದಷ್ಟನ್ನು ಕಂಡುಹಿಡಿದವರು ಅವರೇ. ಅಳತೆಯಲ್ಲಿ ಅಲ್ಪಸ್ವಲ್ಪ ತಪ್ಪುಗಳಿದ್ದರೂ, ಯಾವ ದಾರಿ ಯಾವುದಕ್ಕೆ ಸೇರುತ್ತದೆ ಎಂಬ ಸಂಬಂಧವನ್ನು ತೋರಿಸುವುದರಲ್ಲಿ ಆ ನಕ್ಷೆ ಹಲವು ದಶಕಗಳವರೆಗೆ ಕೆಲಸಕ್ಕೆ ಬಂತು. 1845ರಲ್ಲಿ ಲೂಯಿವಿಲ್‌ನಲ್ಲಿ ಅಚ್ಚಾದ, ಮ್ಯಾಮತ್ ಗುಹೆಯನ್ನು ಕುರಿತ ಒಂದು ಪುಸ್ತಕದಲ್ಲಿ ಅದು ಪ್ರಕಟವಾಯಿತು. ನಕ್ಷೆಯ ಮೇಲೆ ಅದನ್ನು ಬರೆದವರು ಸ್ಟೀಫನ್ ಬಿಷಪ್ ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಗುಲಾಮನ ಬೆವರು ಮಾಲಿಕನ ಹೆಸರಿಗೆ ಸಲ್ಲುತ್ತಿದ್ದ ದಿನಗಳಲ್ಲಿ ಇದು ಸಣ್ಣ ಮಾತಲ್ಲ.

ಅದೇ ಸಮಯದಲ್ಲಿ ಗುಹೆಯಲ್ಲಿ ಒಂದು ದುಃಖದ ಪ್ರಯೋಗ ನಡೆಯಿತು. ಗುಹೆಯ ಗಾಳಿ ವರ್ಷವಿಡೀ ಒಂದೇ ತಣ್ಪಿನಲ್ಲಿರುತ್ತದೆ. ಸುಮಾರು 12-13 ಡಿಗ್ರಿ ಸೆಂಟಿಗ್ರೇಡ್. ಅದು ಕ್ಷಯರೋಗಕ್ಕೆ ಮದ್ದಾದೀತೆಂದು ಡಾಕ್ಟರ್ ಕ್ರೋಘನ್ ನಂಬಿದನು. 1842-43ರ ಚಳಿಗಾಲದಲ್ಲಿ ಗುಹೆಯೊಳಗೆ ಗುಡಿಸಲುಗಳನ್ನು ಕಟ್ಟಿಸಿ ಹದಿನೈದು ಹದಿನಾರು ರೋಗಿಗಳನ್ನು ಇರಿಸಿದನು. ಬಿಸಿಲಿಲ್ಲ, ಅಡುಗೆಯ ಒಲೆಗಳ ಮತ್ತು ದೀಪಗಳ ಹೊಗೆ ಬೇರೆ. ರೋಗ ಗುಣವಾಗಲಿಲ್ಲ, ಕೆಲವರು ತೀರಿಕೊಂಡರು. ಪ್ರಯೋಗ ಕೆಲವೇ ತಿಂಗಳಲ್ಲಿ ನಿಂತಿತು. ಅಲ್ಲಿ ಕಟ್ಟಿದ ಕಲ್ಲಿನ ಎರಡು ಗುಡಿಸಲುಗಳು ಇಂದಿಗೂ ನಿಂತಿವೆ. ಕ್ರೋಘನ್ ಕೂಡ 1849ರಲ್ಲಿ ಅದೇ ಕ್ಷಯರೋಗದಿಂದ ಸತ್ತನು.

ಆತ ಬರೆದಿಟ್ಟ ಮರಣಶಾಸನದಲ್ಲಿ ತನ್ನ ಗುಲಾಮರನ್ನು ತಾನು ಸತ್ತ ಏಳು ವರ್ಷಗಳ ನಂತರ ಬಿಡುಗಡೆ ಮಾಡಬೇಕೆಂದಿತ್ತು. ಏಳು ವರ್ಷ! ಈ ವೇಳೆಗೆ ಸ್ಟೀಫನ್ನರಿಗೆ ಮದುವೆಯಾಗಿತ್ತು. ಹೆಂಡತಿಯ ಹೆಸರು ಶಾರ್ಲಟ್. ಅಲ್ಲಿನ ಹೋಟೆಲಿನಲ್ಲಿ ಕೆಲಸದಲ್ಲಿದ್ದವರು. ಥಾಮಸ್ ಎಂಬ ಮಗನಿದ್ದನು. ದಿನಕ್ಕೆ ನೂರು ಸಲ ಓಡಿಹೋಗುವ ಅವಕಾಶ ಅವರಿಗಿತ್ತು ಎಂದು ನಾವು ಇಂದು ಹೇಳಬಹುದು. ಆದರೆ ಹೆಂಡತಿಯನ್ನೂ ಮಗನನ್ನೂ ಬಿಟ್ಟು ಒಬ್ಬರೇ ಹೋಗುವುದೆಲ್ಲಿಗೆ? ನೂರಾರು ಕವಲುಗಳ ಕತ್ತಲೆಯಿಂದ ಯಾರನ್ನು ಬೇಕಾದರೂ ಹೊರಗೆ ತರಬಲ್ಲವರಾಗಿದ್ದ ಸ್ಟೀಫನ್, ಕಾನೂನು ಕಟ್ಟಿದ ಕತ್ತಲೆಯಿಂದ ಹೊರಬರಲು ಆ ಏಳು ವರ್ಷ ಕಾಯಬೇಕಾಯಿತು.

1856ರಲ್ಲಿ ಅವರು ಸ್ವತಂತ್ರರಾದರು. ಆಫ್ರಿಕದ ಪಶ್ಚಿಮ ತೀರದಲ್ಲಿ, ಅಮೆರಿಕದಿಂದ ಹೋದ ಕರಿಯ ಜನರು ನೆಲೆಸಿದ್ದ ಲೈಬೀರಿಯ ಎಂಬ ದೇಶವಿದೆ. ಅಲ್ಲಿಗೆ ಸಂಸಾರಸಮೇತ ಹೋಗಿ ನೆಲೆಸಬೇಕೆಂಬ ಆಸೆಯನ್ನು ಅವರು ಪ್ರವಾಸಿಗರೊಡನೆ ಹೇಳಿಕೊಳ್ಳುತ್ತಿದ್ದರು. ಗುಹೆಯ ಬಳಿ ಸ್ವಂತ ಹೆಸರಿನಲ್ಲಿ ನೂರು ಎಕರೆಗೂ ಮಿಕ್ಕಿದ ಜಮೀನು ಅವರದಾಯಿತು. ಆದರೆ ಆ ಸ್ವಾತಂತ್ರ್ಯವನ್ನು ಅನುಭವಿಸುವ ಯೋಗ ಬಹಳ ದಿನ ಇರಲಿಲ್ಲ. 1857ರಲ್ಲಿ, ನಲವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಲೈಬೀರಿಯದ ಹಡಗು ಹತ್ತಲಿಲ್ಲ. ಗುಹೆಯ ಹತ್ತಿರದ ಮಾರ್ಗದರ್ಶಿಗಳ ಸ್ಮಶಾನದಲ್ಲಿ ಅವರ ದೇಹವನ್ನು ಮಣ್ಣು ಮಾಡಿದರು.

ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಸಮಾಧಿಯ ಮೇಲೆ ಹೆಸರು ಕೆತ್ತಿದ ಕಲ್ಲೂ ಇರಲಿಲ್ಲ. ಗುಹೆ ನೋಡಲು ಬಂದಿದ್ದ ಪಿಟ್ಸ್‌ಬರ್ಗಿನ ಶ್ರೀಮಂತರೊಬ್ಬರು ಶಾರ್ಲಟ್ ಅವರನ್ನು ಕಂಡು, ಕಲ್ಲು ಕಳುಹಿಸುವುದಾಗಿ ಮಾತು ಕೊಟ್ಟು, 1881ರಲ್ಲಿ ಒಂದನ್ನು ಕಳುಹಿಸಿದರು. ಅದರಲ್ಲಿ ಸ್ಟೀಫನ್ ಬಿಷಪ್ ಆ ಗುಹೆಯ ಮೊದಲ ಮಾರ್ಗದರ್ಶಿ ಹಾಗೂ ಶೋಧಕರು ಎಂದಿದೆ. ಆದರೆ ನಿಧನದ ಇಸವಿ 1859 ಎಂದು ತಪ್ಪಾಗಿ ಕೆತ್ತಲ್ಪಟ್ಟಿದೆ. ಇಡೀ ಗುಹೆಯನ್ನು ನೆನಪಿಟ್ಟುಕೊಂಡವರ ಸಾವಿನ ವರ್ಷವನ್ನು ಜಗತ್ತು ನೆನಪಿಟ್ಟುಕೊಳ್ಳಲಿಲ್ಲ. ಅವರ ಜೊತೆಗಾರರಾದ ಬ್ರಾನ್ಸ್‌ಫರ್ಡ್ ಮನೆತನದವರು ಮಾತ್ರ ತಲೆಮಾರುಗಳವರೆಗೆ ಅಲ್ಲಿ ಮಾರ್ಗದರ್ಶಿಗಳಾಗಿ ಉಳಿದರು.

ಇನ್ನು, ಈ ಗುಹೆ ಗಣಕಯಂತ್ರದೊಳಗೆ ಹೊಕ್ಕ ಬಗೆಯನ್ನು ಹೇಳಿ ಮುಗಿಸುತ್ತೇವೆ. ಮ್ಯಾಮತ್ ಗುಹೆಗೂ ಪಕ್ಕದ ಫ್ಲಿಂಟ್ ರಿಜ್ ಎಂಬ ಗುಡ್ಡದ ಗುಹೆಗಳಿಗೂ ನೆಲದಡಿಯಲ್ಲಿ ಸಂಬಂಧವಿರಬೇಕೆಂದು ಶೋಧಕರು ಬಹುಕಾಲದಿಂದ ಊಹಿಸುತ್ತಿದ್ದರು. 1972ರ ಸೆಪ್ಟೆಂಬರ್ 9ರಂದು ಆರು ಮಂದಿಯ ತಂಡವೊಂದು ಫ್ಲಿಂಟ್ ರಿಜ್ಜಿನಿಂದ ಹೊರಟು, ಎದೆಮಟ್ಟದ ನೀರಿನಲ್ಲಿ ನಡೆದು, ಮ್ಯಾಮತ್ ಗುಹೆಯಲ್ಲಿ ಪ್ರವಾಸಿಗರಿಗಾಗಿ ಹಾಕಿದ್ದ ಕಬ್ಬಿಣದ ಕೈಹಿಡಿಯನ್ನು ಕಂಡಿತು. ಅವರು ಬಂದು ತಲುಪಿದ ಜಾಗ ಎಕೋ ನದಿಯ ಬಳಿ! ಸ್ಟೀಫನ್ ದೀಪ ಹಿಡಿದು ಮೊದಲು ಇಳಿದ ಆ ನದಿಯೇ ಎರಡು ಗುಹೆಗಳನ್ನು ಒಂದು ಮಾಡುವ ಬಾಗಿಲಾಯಿತು. ಅಂದಿಗೆ ಒಟ್ಟು ಉದ್ದ 144 ಮೈಲಿಯಾಯಿತು.

ಆ ಆರು ಮಂದಿಯಲ್ಲಿ ಪೆಟ್ರೀಷಿಯಾ ಕ್ರೌದರ್ ಎಂಬ ಮಹಿಳೆ ಒಬ್ಬರು. ಅವರ ಪತಿಯಾಗಿದ್ದ ವಿಲ್ ಕ್ರೌದರ್ ಕೂಡ ಗುಹೆಗಳ ಶೋಧಕರು. ವೃತ್ತಿಯಿಂದ ಗಣಕಯಂತ್ರದ ತಜ್ಞರು. ಇಂದಿನ ಅಂತರಜಾಲಕ್ಕೆ ಬುನಾದಿಯಾದ ಆರ್ಪಾನೆಟ್ ಎಂಬ ಜಾಲದಲ್ಲಿ ದುಡಿದವರು. ಗುಹೆಯಲ್ಲಿ ತೆಗೆದ ಅಳತೆಗಳನ್ನು ಗಣಕಯಂತ್ರಕ್ಕೆ ಉಣಿಸಿ ನಕ್ಷೆ ಬರೆಸುತ್ತಿದ್ದವರು. ಮುಂದೆ ಸಂಸಾರ ಬೇರೆಯಾದ ಮೇಲೆ, 1975-76ರ ಹೊತ್ತಿಗೆ, ತಮ್ಮ ಹೆಣ್ಣುಮಕ್ಕಳ ಸಂತೋಷಕ್ಕಾಗಿ ಅವರು ಪಿ.ಡಿ.ಪಿ.-10 ಎಂಬ ಭಾರಿ ಯಂತ್ರದಲ್ಲಿ, ಫೋರ್ಟ್ರಾನ್ ಭಾಷೆಯಲ್ಲಿ ಆ ಆಟವನ್ನು ಬರೆದರು. 1977ರಲ್ಲಿ ಡಾನ್ ವುಡ್ಸ್ ಎಂಬವರು ಅದನ್ನು ಬೆಳೆಸಿದರು.

ಮುಂದಿನ ವರ್ಷಗಳಲ್ಲಿ ಗಣಕಯಂತ್ರ ಮನೆಯ ಮೇಜಿನ ಮೇಲೆ ಬಂತು. 1978ರಲ್ಲಿ ಸ್ಕಾಟ್ ಆಡಮ್ಸ್ ಎಂಬವರು ಇದೇ ಮಾದರಿಯ ಆಟವೊಂದನ್ನು ಟಿ.ಆರ್.ಎಸ್.-80 ಎಂಬ ಯಂತ್ರದ 16 ಕಿಲೋಬೈಟಿನೊಳಗೆ ಹಿಡಿಸಿದರು. ಮೂಲ ಆಟವೂ 1979ರಲ್ಲಿ ಅದೇ ಯಂತ್ರಕ್ಕೆ ಬಂತು. ಲೆವೆಲ್ 9ರವರು ಮತ್ತೆ ಮತ್ತೆ ಬರುವ ಅಕ್ಷರಗುಚ್ಛಗಳಿಗೆ ಒಂದೊಂದು ಸಂಕೇತವನ್ನಿಟ್ಟು, ವರ್ಣನೆಗಳನ್ನೆಲ್ಲ ಮಡಚಿ, ಭಾರಿ ಯಂತ್ರದ ಗುಹೆಯನ್ನು ಒಂದು ಕ್ಯಾಸೆಟ್ಟಿನಲ್ಲಿ ತಂದಿಟ್ಟರು. ಹೀಗೆ ಕೆಂಟಕಿಯ ಕತ್ತಲೆ ಜಗತ್ತಿನ ಸಾವಿರಾರು ಮಕ್ಕಳ ಮನೆಗೆ ಬಂತು. ನಲವತ್ತು ವರ್ಷಗಳ ಬಳಿಕ ನಮ್ಮ ಶಾಲೆಗೂ ಬಂತು. ಆಟದ ಗುಹೆಯ ಭಾಗವೇ ಬೇರೆ, ಸ್ಟೀಫನ್ ನಡೆದ ಭಾಗವೇ ಬೇರೆ, ನಿಜ. ಆದರೆ ಕಲ್ಲಿನ ಕುಟುಂಬ ಒಂದೇ. ಆಡುವವನು ಮಾಡಬೇಕಾದ ಕೆಲಸವೂ ಒಂದೇ. ದೀಪವನ್ನು ಜೋಪಾನ ಮಾಡಬೇಕು, ಕಂಡದ್ದನ್ನು ನೆನಪಿಡಬೇಕು, ಬಂದ ದಾರಿಯನ್ನು ಬರೆದಿಡಬೇಕು.

ವಿದ್ಯಾರ್ಥಿಗಳೇ, ಸ್ಟೀಫನ್ ಬಿಷಪ್ ಅವರ ಬಾಳಿನಿಂದ ನಾವು ತಿಳಿಯುವುದೇನು? ಮನುಷ್ಯನ ದೇಹವನ್ನು, ದುಡಿಮೆಯನ್ನು, ಕಾಲವನ್ನು ಇನ್ನೊಬ್ಬನು ಕಾಗದ ಬರೆಸಿಕೊಂಡು ತನ್ನದೆನ್ನಬಹುದು. ಆ ಮನುಷ್ಯನು ಕಲಿತದ್ದನ್ನು ಮಾತ್ರ ಯಾವ ಕಾಗದದಿಂದಲೂ ತನ್ನದಾಗಿಸಿಕೊಳ್ಳಲಾರ. ಗೊರಿನ್ ಮತ್ತು ಕ್ರೋಘನ್ ಗುಹೆಯ ಮಾಲಿಕರಾಗಿದ್ದರು. ಗುಹೆಯನ್ನು ಬಲ್ಲವರು ಸ್ಟೀಫನ್. ಮಾಲಿಕರ ಹೆಸರು ಇಂದು ನೆನಪಿಗೆ ಬರುವುದು ಅವರ ಕಥೆಯ ನಡುವಿನಲ್ಲಿ ಮಾತ್ರ. ಹಾಗೆಂದು, ವಿದ್ಯೆಯೊಂದಿದ್ದರೆ ಎಲ್ಲ ಸರಿಹೋಗುತ್ತದೆಂದು ನಾವು ಹೇಳುವುದಿಲ್ಲ. ಅಷ್ಟು ಬಲ್ಲವರನ್ನೂ ಆ ಕಾಲದ ಕಾನೂನು ಹದಿನೆಂಟು ವರ್ಷ ಗುಹೆಯ ಕೆಲಸದಲ್ಲಿ ಗುಲಾಮರಾಗಿಯೇ ಇರಿಸಿತು. ವಿದ್ಯೆಯ ಬೆಳಕು ಬೇರೆ, ನ್ಯಾಯದ ಬೆಳಕು ಬೇರೆ. ಎರಡೂ ಬೇಕು.

ನಮ್ಮ ಮಕ್ಕಳು ಬರೆದ ನಕ್ಷೆ ಈಗ ಶಾಲೆಯ ವಾಚನಾಲಯದ ಗೋಡೆಯ ಮೇಲಿದೆ. ಅದರ ಮೂಲೆಯಲ್ಲಿ ಹನ್ನೊಂದು ಹೆಸರುಗಳಿವೆ. ಕೆಲಸ ಮಾಡಿದವರ ಹೆಸರು ಅದರಲ್ಲಿ ಇರಲೇಬೇಕೆಂದು ನಾವು ಹಟ ಹಿಡಿದದ್ದು ಏಕೆಂಬುದು ಈ ಲೇಖನವನ್ನು ಓದಿದವರಿಗೆ ತಿಳಿದೀತು. ಆ ನಕ್ಷೆಯಲ್ಲಿ ಇನ್ನೂ ಕೆಲವು ಗೆರೆಗಳು ಎಲ್ಲಿಗೂ ಸೇರದೆ ನಿಂತಿವೆ. ಯಂತ್ರ ಪ್ರಯೋಗಾಲಯದಲ್ಲಿದೆ, ಶನಿವಾರ ಮಧ್ಯಾಹ್ನ ತೆರೆದಿರುತ್ತದೆ. ಬರುವವರು ಒಂದು ಪೆನ್ಸಿಲ್ ತಂದರೆ ಸಾಕು.